ಪಲ್ಲಾಡಿಯಂ ಕಣ ಮತ್ತು ಅದು ಕೂತ ನೆಲ

ಒಂದು ಗ್ರಾಂ ಪಲ್ಲಾಡಿಯಂ ಲೋಹವನ್ನು ಒಂದೇ ಘನಾಕೃತಿಯ ತುಂಡಾಗಿ ಎರಕ ಹೊಯ್ದರೆ ಅದರ ಬದಿ ನಾಲ್ಕೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆರು ಮುಖಗಳನ್ನೂ ಕೂಡಿಸಿದರೆ ಸಿಗುವ ಮೇಲ್ಮೈ ಸುಮಾರು 1.1 ಚದರ ಸೆಂಟಿಮೀಟರ್, ಅಂದರೆ ಒಂದು ಉಗುರಿನಷ್ಟು. ಅದೇ ಗ್ರಾಮನ್ನು ನಾಲ್ಕೂವರೆ ನ್ಯಾನೋಮೀಟರ್ ಅಡ್ಡಳತೆಯ ಗುಂಡು ಕಣಗಳಾಗಿ ಬಿಡಿಸಿದರೆ ಒಟ್ಟು ಮೇಲ್ಮೈ ಸುಮಾರು 110 ಚದರ ಮೀಟರಿಗೆ ಏರುತ್ತದೆ. ಬೆಂಗಳೂರಿನವರ ಲೆಕ್ಕದಲ್ಲಿ ಹೇಳುವುದಾದರೆ ಒಂದು 30×40 ನಿವೇಶನ. ಪಲ್ಲಾಡಿಯಂ ಒಂದು ವೇಗವರ್ಧಕ, ಅಂದರೆ ತಾನು ವೆಚ್ಚವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ವೇಗವರ್ಧಕದ ಕೆಲಸವೆಲ್ಲ ನಡೆಯುವುದು ಮೇಲ್ಮೈಯಲ್ಲಿ. ಕಣದ ಒಡಲಿನಲ್ಲಿ ಹೂತುಹೋದ ಪರಮಾಣು ಅನಿಲವನ್ನು ಎಂದೂ ಮುಟ್ಟುವುದಿಲ್ಲ, ಆದರೆ ಅದಕ್ಕೂ ಹೊರಗಿನ ಪರಮಾಣುವಿನಷ್ಟೇ ಬೆಲೆ ತೆತ್ತಿರುತ್ತೇವೆ. ಒಂದು ನ್ಯಾನೋಮೀಟರ್ ಕಣದಲ್ಲಿ ಬಹುತೇಕ ಎಲ್ಲ ಪರಮಾಣುಗಳೂ ಮೇಲ್ಮೈಯಲ್ಲೇ ಇರುತ್ತವೆ. ಐದು ನ್ಯಾನೋಮೀಟರ್ ಆದಾಗ ಐದರಲ್ಲೊಂದು ಪಾಲು, ಹತ್ತಾದಾಗ ಹತ್ತರಲ್ಲೊಂದು ಪಾಲು ಮಾತ್ರ ದುಡಿಮೆಗೆ ಸಿಗುತ್ತದೆ.

ಇಷ್ಟು ಸಣ್ಣ ಕಣಗಳನ್ನು ಒಟ್ಟಿಗೆ ರಾಶಿ ಹಾಕಿ ಬಿಸಿ ಮಾಡಿದರೆ ಅವು ಒಂದರೊಡನೊಂದು ಬೆಸೆದುಕೊಂಡು ಮತ್ತೆ ದಪ್ಪಗಾಗುತ್ತವೆ. ಆದ್ದರಿಂದ ಅವನ್ನು ಅಲ್ಯೂಮಿನಾ, ಸೀರಿಯಾ, ಟೈಟಾನಿಯಾ, ಜಿರ್ಕೋನಿಯಾ ಮೊದಲಾದ ಲೋಹದ ಆಕ್ಸೈಡುಗಳ ಪುಡಿಯ ಮೇಲೆ ದೂರದೂರ ಕೂರಿಸುತ್ತಾರೆ. ಈ ಆಕ್ಸೈಡಿಗೆ ಆಧಾರ ಎಂದು ಹೆಸರು. ಪಠ್ಯಪುಸ್ತಕದ ಚಿತ್ರದಲ್ಲಿ ಆಧಾರವೆಂದರೆ ಒಂದು ಮೇಜು, ಪಲ್ಲಾಡಿಯಂ ಎಂದರೆ ಅದರ ಮೇಲಿಟ್ಟ ಕಾಳು. ಉತ್ಕರ್ಷಣ ಕ್ರಿಯೆಗಳ ಮಟ್ಟಿಗೆ ಈ ಚಿತ್ರ ಅರ್ಧಸತ್ಯ ಮಾತ್ರ. ಉತ್ಕರ್ಷಣ ಎಂದರೆ ಸಾಮಾನ್ಯವಾಗಿ ಒಂದು ಅಣುವಿಗೆ ಆಮ್ಲಜನಕವನ್ನು ಕೂಡಿಸುವುದು. ಆ ಆಮ್ಲಜನಕ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಕೆಲವೊಮ್ಮೆ ಅದು ಗಾಳಿಯಿಂದ ನೇರವಾಗಿ ಬಂದಿರುತ್ತದೆ, ಕೆಲವೊಮ್ಮೆ ಆ ಮೇಜಿನಿಂದಲೇ ಕಿತ್ತು ಬಂದಿರುತ್ತದೆ, ಇನ್ನು ಕೆಲವೊಮ್ಮೆ ಪಲ್ಲಾಡಿಯಂ ತಾನೇ ಆಕ್ಸೈಡಾಗಿ ಮಾರ್ಪಟ್ಟು ತನ್ನ ಒಡಲಿನಿಂದ ಕೊಟ್ಟದ್ದಾಗಿರುತ್ತದೆ. ಈ ಮೂರು ದಾರಿಗಳನ್ನು ಬೇರ್ಪಡಿಸಿ ನೋಡಿದರೆ, ಒಂದೇ ಪ್ರಮಾಣದ ಪಲ್ಲಾಡಿಯಂ ಒಂದು ಆಕ್ಸೈಡಿನ ಮೇಲೆ ಚುರುಕಾಗಿಯೂ ಮತ್ತೊಂದರ ಮೇಲೆ ಮಂದವಾಗಿಯೂ ಇರುವುದೇಕೆ ಎಂಬ ಪ್ರಶ್ನೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಮೊದಲು, ಪಲ್ಲಾಡಿಯಂ ಏಕೆ? ಈ ಲೋಹವನ್ನು ಇಂಗ್ಲೆಂಡಿನ ವಿಲಿಯಂ ಹೈಡ್ ವುಲ್ಲಸ್ಟನ್ 1802ರ ಸುಮಾರಿಗೆ ಪ್ಲಾಟಿನಂ ಅದುರಿನಿಂದ ಬೇರ್ಪಡಿಸಿ, ಆಗಷ್ಟೇ ಕಂಡುಹಿಡಿಯಲಾಗಿದ್ದ ಪಲ್ಲಾಸ್ ಕ್ಷುದ್ರಗ್ರಹದ ಹೆಸರನ್ನು ಅದಕ್ಕಿಟ್ಟ. ತನ್ನ ಹೆಸರನ್ನು ಮುಚ್ಚಿಟ್ಟು ಲಂಡನ್ನಿನ ಅಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟದ್ದು ವಿಜ್ಞಾನದ ಇತಿಹಾಸದ ವಿಚಿತ್ರ ಪ್ರಕಟಣೆಗಳಲ್ಲೊಂದು. 1817ರಲ್ಲಿ ಹಂಫ್ರಿ ಡೇವಿ, ಗಣಿದೀಪಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಬಿಸಿ ಮಾಡಿದ ಪ್ಲಾಟಿನಂ ತಂತಿಯನ್ನು ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಹಿಡಿದರೆ ಜ್ವಾಲೆಯೇ ಇಲ್ಲದೆ ತಂತಿ ಕೆಂಪಗೆ ಹೊಳೆಯುವುದನ್ನು ಕಂಡ. ಪಲ್ಲಾಡಿಯಂ ತಂತಿಯೂ ಹಾಗೆಯೇ ಮಾಡಿತು. ತಾಮ್ರ, ಬೆಳ್ಳಿ, ಕಬ್ಬಿಣ, ಚಿನ್ನ ಮಾಡಲಿಲ್ಲ. ವೇಗವರ್ಧನೆ ಎಂಬ ಪರಿಕಲ್ಪನೆಗೆ ಬರ್ಜೀಲಿಯಸ್ ಹೆಸರು ಕೊಡಲು ಇನ್ನೂ 18 ವರ್ಷ ಬಾಕಿಯಿತ್ತು. ಡೇವಿ ಕಂಡದ್ದಕ್ಕೆ ಕಾರಣ ಬಂಧದ ಬಿಗಿತದಲ್ಲಿದೆ. ಕಬ್ಬಿಣ ಆಮ್ಲಜನಕವನ್ನು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ, ತುಕ್ಕಾಗಿ ಕೂರುತ್ತದೆ. ಚಿನ್ನದ ತಂತಿ ಅದನ್ನು ಹಿಡಿಯುವುದೇ ಇಲ್ಲ. ಪಲ್ಲಾಡಿಯಂ ಮತ್ತು ಪ್ಲಾಟಿನಂ ಆಮ್ಲಜನಕದ ಅಣುವನ್ನು ಎರಡಾಗಿ ಸೀಳುವಷ್ಟು ಬಲವಾಗಿ ಹಿಡಿದು, ಮುಂದಿನ ಅಣುವಿಗೆ ದಾಟಿಸುವಷ್ಟು ಸಡಿಲವಾಗಿ ಬಿಡುತ್ತವೆ.

ಅತ್ಯಂತ ಸರಳವಾದ ಕ್ರಿಯೆಯನ್ನು ಎತ್ತಿಕೊಳ್ಳೋಣ: ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡು ಕಾರ್ಬನ್ ಡೈಆಕ್ಸೈಡಾಗುವುದು. ಅಲ್ಯೂಮಿನಾದ ಮೇಲೆ ಕೂತ ಪಲ್ಲಾಡಿಯಂ ಕಣದಲ್ಲಿ ಎರಡು ಅನಿಲಗಳೂ ಲೋಹಕ್ಕೇ ಅಂಟಬೇಕು. ಕಾರ್ಬನ್ ಮಾನಾಕ್ಸೈಡು ತನ್ನ ಕಾರ್ಬನ್ ತುದಿಯಿಂದ ಲೋಹವನ್ನು ಕಚ್ಚಿಕೊಳ್ಳುತ್ತದೆ ಮತ್ತು ಸಿಕ್ಕ ಜಾಗದಲ್ಲೆಲ್ಲ ಕೂರುತ್ತದೆ. ಆಮ್ಲಜನಕದ ಅಣುವಾದರೋ ಎರಡಾಗಿ ಒಡೆಯಬೇಕಾದ್ದರಿಂದ ಅಕ್ಕಪಕ್ಕದಲ್ಲೇ ಎರಡು ಖಾಲಿ ಜಾಗಗಳನ್ನು ಕೇಳುತ್ತದೆ. ಸಂತೆಯ ದಿನದ ಬಸ್ಸಿಗೆ ಗಂಡಹೆಂಡತಿ ಹತ್ತಿ ಜೊತೆಗೆ ಕೂರಲು ಎರಡು ಸೀಟು ಹುಡುಕುವ ಪರಿಸ್ಥಿತಿ ಇದು: ಒಬ್ಬೊಬ್ಬರೇ ಬಂದವರು ಎಲ್ಲ ಸೀಟು ಹಿಡಿದುಬಿಟ್ಟಿರುತ್ತಾರೆ. ತಣ್ಣಗಿನ ಪಲ್ಲಾಡಿಯಂ ಮೇಲೆ ಕಾರ್ಬನ್ ಮಾನಾಕ್ಸೈಡು ಹೀಗೆ ಪೂರಾ ಹರಡಿಕೊಂಡು, ತನ್ನ ಉತ್ಕರ್ಷಣೆಗೆ ತಾನೇ ಅಡ್ಡಿಯಾಗುತ್ತದೆ. ಬಿಸಿ ಏರಿ ಅದರ ಒಂದಿಷ್ಟು ಅಣುಗಳು ಎದ್ದುಹೋಗತೊಡಗಿದಾಗ ಆಮ್ಲಜನಕಕ್ಕೆ ಜಾಗ ಸಿಕ್ಕಿ, ಕ್ರಿಯೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಶುದ್ಧ ಲೋಹದ ಸ್ಫಟಿಕಗಳ ಮೇಲೆ ಇಂತಹ ಹೆಜ್ಜೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪೆಟ್ರೋಲ್ ಕಾರಿನ ಎಂಜಿನ್ ತಣ್ಣಗಿರುವ ಮೊದಲ ಒಂದೆರಡು ನಿಮಿಷದಲ್ಲೇ ಪ್ರಯಾಣದ ಹೆಚ್ಚಿನ ಪಾಲು ವಿಷಾನಿಲ ಹೊರಬೀಳುವುದಕ್ಕೂ ಈ ಬಸ್ಸಿನ ಸೀಟಿನ ಜಗಳ ಒಂದು ಕಾರಣ.

ಈಗ ಅದೇ ಕಣವನ್ನು ಅಲ್ಯೂಮಿನಾದಿಂದ ಎತ್ತಿ ಸೀರಿಯಾದ ಮೇಲೆ, ಅಂದರೆ ಸೀರಿಯಂ ಡೈಆಕ್ಸೈಡಿನ ಮೇಲೆ ಇಡೋಣ. ಅಲ್ಯೂಮಿನಾದಲ್ಲಿರುವ ಅಲ್ಯೂಮಿನಿಯಂ ತನ್ನ ಆಮ್ಲಜನಕವನ್ನು ಬಿಟ್ಟುಕೊಡುವ ಮಾತೇ ಇಲ್ಲ; ಸೀರಿಯಂ ಹಾಗಲ್ಲ. ಅದು ನಾಲ್ಕು ಧನ ಆವೇಶದ ಸ್ಥಿತಿಯಿಂದ ಮೂರಕ್ಕೆ ಸಲೀಸಾಗಿ ಇಳಿಯುತ್ತದೆ, ಮತ್ತು ಎರಡು ಸೀರಿಯಂ ಅಯಾನುಗಳು ಹೀಗೆ ಇಳಿದಾಗ ಸ್ಫಟಿಕ ಜಾಲಕದಿಂದ ಒಂದು ಆಮ್ಲಜನಕ ಹೊರಬಂದು ಅಲ್ಲೊಂದು ಖಾಲಿ ಕುಳಿ ಉಳಿಯುತ್ತದೆ. ಕುಳಿ ಉಂಟಾದರೂ ಸ್ಫಟಿಕದ ಚೌಕಟ್ಟು ಕುಸಿಯುವುದಿಲ್ಲ. ಆದ್ದರಿಂದ ಪಲ್ಲಾಡಿಯಂ ಕಣ ಮತ್ತು ಸೀರಿಯಾ ಕೂಡುವ ಅಂಚಿನಲ್ಲಿ ಹೊಸ ವ್ಯವಸ್ಥೆಯೊಂದು ಸಾಧ್ಯವಾಗುತ್ತದೆ: ಕಾರ್ಬನ್ ಮಾನಾಕ್ಸೈಡು ಲೋಹದ ಮೇಲೆ ಕೂತಿರುತ್ತದೆ, ಪಕ್ಕದ ಸೀರಿಯಾ ತನ್ನ ಜಾಲಕದ ಆಮ್ಲಜನಕವನ್ನು ಅದಕ್ಕೆ ಕೊಡುತ್ತದೆ, ಉಂಟಾದ ಕಾರ್ಬನ್ ಡೈಆಕ್ಸೈಡು ಹಾರಿಹೋಗುತ್ತದೆ, ಆಮೇಲೆ ಗಾಳಿಯ ಆಮ್ಲಜನಕ ಬಂದು ಸೀರಿಯಾದ ಕುಳಿಯನ್ನು ತುಂಬುತ್ತದೆ. ಸೀಟಿನ ಜಗಳ ಇಲ್ಲಿ ತಪ್ಪುತ್ತದೆ, ಏಕೆಂದರೆ ಆಮ್ಲಜನಕ ಆ ಬಸ್ಸನ್ನೇ ಹತ್ತಬೇಕಾಗಿಲ್ಲ. ಆಕ್ಸೈಡು ಮೊದಲು ಕೊಟ್ಟು ಆಮೇಲೆ ಗಾಳಿಯಿಂದ ತುಂಬಿಸಿಕೊಳ್ಳುವ ಈ ದಾರಿಯನ್ನು 1954ರಲ್ಲಿ ನೆದರ್ಲೆಂಡ್ಸಿನ ಮಾರ್ಸ್ ಮತ್ತು ವಾನ್ ಕ್ರೆವೆಲೆನ್ ವೆನೇಡಿಯಂ ಆಕ್ಸೈಡಿನ ಮೇಲಿನ ಉತ್ಕರ್ಷಣೆಗಳನ್ನು ವಿವರಿಸಲು ಮುಂದಿಟ್ಟರು. ಇಂದಿಗೂ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಇದು ಕಾಗದದ ಮೇಲಿನ ಊಹೆಯಲ್ಲ ಎಂದು ತೋರಿಸುವ ಬಗೆ ಸೊಗಸಾಗಿದೆ. ಅನಿಲದಲ್ಲಿ ಸಾಮಾನ್ಯ ಆಮ್ಲಜನಕದ ಬದಲು 18 ದ್ರವ್ಯಸಂಖ್ಯೆಯ ಭಾರದ ಆಮ್ಲಜನಕವನ್ನು ಹರಿಸಿ, ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ತೂಗಿ ನೋಡುತ್ತಾರೆ. ಮೊದಮೊದಲು ಬರುವ ಅಣುಗಳಲ್ಲಿ ಭಾರದ ಆಮ್ಲಜನಕ ಇಲ್ಲದಿದ್ದರೆ, ಅವುಗಳಲ್ಲಿ ಸೇರಿದ ಆಮ್ಲಜನಕ ಅನಿಲದಿಂದಲ್ಲ, ಆಕ್ಸೈಡಿನಿಂದ ಬಂದದ್ದು ಎಂದೇ ಅರ್ಥ. ಇನ್ನೊಂದು ಪುರಾವೆ ರೇಖಾಗಣಿತದ್ದು. ಕ್ರಿಯೆ ಅಂಚಿನಲ್ಲಿ ನಡೆಯುವುದಾದರೆ ವೇಗವು ಕಣದ ಒಟ್ಟು ಮೇಲ್ಮೈಗೆ ಅನುಗುಣವಾಗಿರದೆ, ಆಕ್ಸೈಡಿಗೆ ತಾಗಿದ ಸುತ್ತಳತೆಯ ಪರಮಾಣುಗಳ ಎಣಿಕೆಗೆ ಅನುಗುಣವಾಗಿರಬೇಕು, ಮತ್ತು ಕಣ ಚಿಕ್ಕದಾದಂತೆ ಈ ಎರಡರ ಅನುಪಾತ ಬದಲಾಗುತ್ತದೆ. 2013ರಲ್ಲಿ ಮಟ್ಟಿಯೊ ಕಾರ್ನೆಲ್ಲೊ ಮತ್ತು ಸಂಗಡಿಗರು ಅಳೆದಿಟ್ಟ ಗಾತ್ರದ ನಿಕ್ಕಲ್, ಪಲ್ಲಾಡಿಯಂ, ಪ್ಲಾಟಿನಂ ಕಣಗಳನ್ನು ತಯಾರಿಸಿ ಸೀರಿಯಾದ ಮೇಲೂ ಅಲ್ಯೂಮಿನಾದ ಮೇಲೂ ಕೂರಿಸಿ ನೋಡಿದಾಗ, ಸೀರಿಯಾದ ಮೇಲೆ ವೇಗವು ಸುತ್ತಳತೆಯ ಲೆಕ್ಕವನ್ನೇ ಅನುಸರಿಸಿತು. ಅಲ್ಯೂಮಿನಾದ ಮೇಲೆ ಅಂತಹ ಅವಲಂಬನೆ ಕಾಣಲಿಲ್ಲ. ನನ್ನ ಮಟ್ಟಿಗೆ, ಆಧಾರ ಎಂಬ ಹೆಸರು ಎಷ್ಟು ತಪ್ಪು ದಾರಿಗೆ ಎಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗವಿಲ್ಲ.

ಕಾರಿನ ಅಡಿಯಲ್ಲಿರುವ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಸೀರಿಯಾದ ಈ ಗುಣವೇ ದಿನನಿತ್ಯದ ಕೆಲಸಕ್ಕೆ ಬರುತ್ತದೆ. ಕಾರ್ಡಿಯರೈಟ್ ಎಂಬ ಪಿಂಗಾಣಿಯ ಜೇನುಗೂಡಿನಂತಹ ಗಟ್ಟಿ, ಚದರ ಅಂಗುಲಕ್ಕೆ ಸಾಮಾನ್ಯವಾಗಿ 400 ಸಣ್ಣ ಕಾಲುವೆಗಳು, ಅವುಗಳ ಒಳಗೋಡೆಗೆ ಅಲ್ಯೂಮಿನಾ ಮತ್ತು ಸೀರಿಯಾ-ಜಿರ್ಕೋನಿಯಾ ಬೆರೆತ ತೆಳು ಲೇಪ, ಆ ಲೇಪದೊಳಗೆ ಕೆಲವೇ ಗ್ರಾಂ ಪಲ್ಲಾಡಿಯಂ ಮತ್ತು ರೋಡಿಯಂ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ತೂಕದ ಅನುಪಾತ 14.7ರ ಆಸುಪಾಸಿನಲ್ಲಿ ಸದಾ ತೂಗಾಡುತ್ತಿರುತ್ತದೆ. ಗಾಳಿ ಹೆಚ್ಚಾದ ಕ್ಷಣದಲ್ಲಿ ಸೀರಿಯಾ ಆಮ್ಲಜನಕವನ್ನು ತುಂಬಿಕೊಂಡು, ಕಡಿಮೆಯಾದ ಕ್ಷಣದಲ್ಲಿ ಬಿಟ್ಟುಕೊಟ್ಟು, ಲೋಹಕ್ಕೆ ಆ ತೂಗಾಟ ತಟ್ಟದಂತೆ ನೋಡಿಕೊಳ್ಳುತ್ತದೆ. ಬರಿಯ ಸೀರಿಯಾ ಹೆಚ್ಚು ಬಿಸಿಯಲ್ಲಿ ಬೇಗ ಮುದುಡುವುದರಿಂದ ಜಿರ್ಕೋನಿಯಂ ಬೆರೆಸುತ್ತಾರೆ.

ಲೋಹವನ್ನು ಸೀರಿಯಾದ ಮೇಲಿಡುವ ಬದಲು ಸೀರಿಯಾದ ಒಳಗೇ ಸೇರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಕೆ. ಸಿ. ಪಾಟೀಲರು 1980ರ ದಶಕದಲ್ಲಿ ರೂಪಿಸಿದ ದಹನ ಸಂಶ್ಲೇಷಣೆಯ ವಿಧಾನ ಕೇಳಲು ಅಡುಗೆಯಂತಿದೆ: ಲೋಹದ ನೈಟ್ರೇಟನ್ನೂ ಯೂರಿಯಾದಂತಹ ಇಂಧನವನ್ನೂ ನೀರಿನಲ್ಲಿ ಕರಗಿಸಿ, ಮೊದಲೇ ಕಾಯಿಸಿದ ಕುಲುಮೆಯಲ್ಲಿಟ್ಟರೆ ದ್ರಾವಣ ಕುದಿದು, ನೊರೆಯೆದ್ದು, ತಾನಾಗಿ ಹೊತ್ತಿ ಉರಿದು, ಐದು ನಿಮಿಷದೊಳಗೆ ಹಗುರವಾದ ನುಣ್ಣನೆಯ ಆಕ್ಸೈಡ್ ಪುಡಿಯಾಗಿ ಕೂರುತ್ತದೆ. ಇದೇ ವಿಧಾನವನ್ನು ಬಳಸಿ ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಅವರ ಗುಂಪಿನವರು ಸೀರಿಯಾದ ಜಾಲಕದಲ್ಲಿ ಪ್ರತಿ 50 ಸೀರಿಯಂ ಸ್ಥಾನಗಳ ಪೈಕಿ ಒಂದರಲ್ಲಿ ಪಲ್ಲಾಡಿಯಂ ಅಯಾನನ್ನು ಕೂರಿಸಿದರು. ಇಲ್ಲಿ ಲೋಹದ ಕಣವೆಂಬುದೇ ಇಲ್ಲ. ಎರಡು ಧನ ಆವೇಶದ ಪಲ್ಲಾಡಿಯಂ ನಾಲ್ಕರ ಸೀರಿಯಂ ಜಾಗದಲ್ಲಿ ಕೂತಾಗ ಆವೇಶದ ಲೆಕ್ಕ ಸರಿದೂಗಲು ಒಂದು ಆಮ್ಲಜನಕ ಕಡಿಮೆಯಾಗಬೇಕು, ಅಂದರೆ ಕುಳಿ ಹುಟ್ಟಿನಿಂದಲೇ ಇರುತ್ತದೆ. ಅಯಾನಿನ ಸುತ್ತಲಿನ ಕೆಲವು ಆಮ್ಲಜನಕ ಬಂಧಗಳು ಸಡಿಲವೂ ಆಗಿರುತ್ತವೆ. ಕಾರ್ಬನ್ ಮಾನಾಕ್ಸೈಡಿನ ಉತ್ಕರ್ಷಣೆಯಲ್ಲಿ ಈ ಪುಡಿ, ಅಷ್ಟೇ ಪಲ್ಲಾಡಿಯಂ ಲೋಹರೂಪದಲ್ಲಿರುವ ಅಲ್ಯೂಮಿನಾ ವೇಗವರ್ಧಕಕ್ಕಿಂತ ಕಡಿಮೆ ತಾಪದಲ್ಲಿ ಕೆಲಸ ಮಾಡಿತು. ಎಂಜಿನ್ನಿನ ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಈ ಅಯಾನು ಜಾಲಕದಲ್ಲೇ ಉಳಿಯುತ್ತದೆಯೇ, ಹೊರಬಂದು ಲೋಹವಾಗುತ್ತದೆಯೇ ಎಂಬ ಚರ್ಚೆ ಈ ಕ್ಷೇತ್ರದಲ್ಲಿ ನಿಂತಿಲ್ಲ, ನಿಲ್ಲಬೇಕಾದ್ದೂ ಇಲ್ಲ.

ಮೀಥೇನಿಗೆ ಬಂದರೆ ಕಥೆ ತಿರುಗುತ್ತದೆ. ಸಿಎನ್‌ಜಿ ವಾಹನಗಳ ಮತ್ತು ಅನಿಲ ಟರ್ಬೈನುಗಳ ಹೊಗೆಯಲ್ಲಿ ಉರಿಯದೆ ಉಳಿದ ಮೀಥೇನು ಹೊರಬಿದ್ದರೆ, ನೂರು ವರ್ಷಗಳ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡಿನ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದನ್ನು ಸುಡುವುದು ಕಷ್ಟ, ಏಕೆಂದರೆ ಅದರ ಕಾರ್ಬನ್-ಜಲಜನಕ ಬಂಧ ಮೋಲ್ ಒಂದಕ್ಕೆ ಸುಮಾರು 439 ಕಿಲೋಜೂಲ್ ಕೇಳುವಷ್ಟು ಗಟ್ಟಿ, ಮತ್ತು ಅಣು ಎಲ್ಲ ಕಡೆಯಿಂದಲೂ ಒಂದೇ ತೆರನಾಗಿರುವುದರಿಂದ ಹಿಡಿತಕ್ಕೆ ಸಿಗುವ ತುದಿಯೇ ಇಲ್ಲ. ಈ ಕೆಲಸಕ್ಕೆ ತಿಳಿದಿರುವ ಲೋಹಗಳಲ್ಲಿ ಪಲ್ಲಾಡಿಯಮ್ಮೇ ಮೇಲು, ಆದರೆ ಆಮ್ಲಜನಕ ಧಾರಾಳವಾಗಿರುವ ಹೊಗೆಯಲ್ಲಿ ದುಡಿಯುವುದು ಲೋಹವಲ್ಲ, ಪಲ್ಲಾಡಿಯಂ ಆಕ್ಸೈಡು. ಅದರ ಮೇಲ್ಮೈಯಲ್ಲಿ ತೆರೆದು ನಿಂತ ಪಲ್ಲಾಡಿಯಂ ಮೀಥೇನಿನ ಕಾರ್ಬನ್ನನ್ನು ಎಳೆಯುತ್ತದೆ, ಪಕ್ಕದ ಆಮ್ಲಜನಕ ಜಲಜನಕವನ್ನು ಕೀಳುತ್ತದೆ. ಬಂಧ ಮುರಿಯುವುದು ಈ ಜೋಡಿಯ ನಡುವೆ.

ಗಾಳಿಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಪಲ್ಲಾಡಿಯಂ ಆಕ್ಸೈಡು ಒಡೆದು ಲೋಹವಾಗುತ್ತದೆ ಮತ್ತು ಮೀಥೇನ್ ಸುಡುವ ವೇಗ ಕುಸಿಯುತ್ತದೆ. ವಿಚಿತ್ರವೆಂದರೆ ತಾಪವನ್ನು ಮತ್ತೆ ಇಳಿಸಿದಾಗ ಅದೇ 800ರಲ್ಲಿ ಆಕ್ಸೈಡು ಮರಳುವುದಿಲ್ಲ. ಅಲ್ಯೂಮಿನಾದ ಮೇಲೆ ಅದು 600ರ ಆಸುಪಾಸಿಗೆ ಇಳಿಯುವವರೆಗೂ ಲೋಹವಾಗಿಯೇ ಮಂಕಾಗಿ ಕೂತಿರುತ್ತದೆ. ಹೋಗುವ ದಾರಿಯೇ ಬೇರೆ, ಬರುವ ದಾರಿಯೇ ಬೇರೆ. ಆಧಾರವನ್ನು ಬದಲಿಸಿ ಸೀರಿಯಾ ಬಳಸಿದರೆ ಈ ಅಂತರ ಕಿರಿದಾಗುತ್ತದೆ, ಏಕೆಂದರೆ ಮರು-ಉತ್ಕರ್ಷಣೆಗೆ ಬೇಕಾದ ಆಮ್ಲಜನಕವನ್ನು ಅದು ಅಡಿಯಿಂದ ಒದಗಿಸುತ್ತದೆ. ಕಡಿಮೆ ತಾಪದಲ್ಲಿ ಕಾಡುವ ಶತ್ರು ನೀರು. ಮೀಥೇನ್ ಸುಟ್ಟರೆ ನೀರಿನಾವಿ ಬಂದೇ ಬರುತ್ತದೆ. ಅದು 450 ಡಿಗ್ರಿಗಿಂತ ಕೆಳಗೆ ಪಲ್ಲಾಡಿಯಂ ಆಕ್ಸೈಡಿನ ಮೇಲೆ ಹೈಡ್ರಾಕ್ಸೈಡಿನ ರೂಪದಲ್ಲಿ ಅಂಟಿಕೊಂಡು ಜಾಗ ಮುಚ್ಚುತ್ತದೆ. ಹೀಗಾಗಿ ಒಣ ಅನಿಲದಲ್ಲಿ ಮಾತ್ರ ಪರೀಕ್ಷಿಸಿದ ಮೀಥೇನ್ ವೇಗವರ್ಧಕದ ಅಂಕಿಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ನಿಜವಾದ ಹೊಗೆಯಲ್ಲಿ ನೂರಕ್ಕೆ ಹತ್ತರಷ್ಟು ನೀರಿನಾವಿ ಇರುವುದು ಸಾಮಾನ್ಯ.

ಗಂಧಕ ನೀರಿಗಿಂತಲೂ ಕೆಟ್ಟದ್ದು. ಗಂಧಕದ ಡೈಆಕ್ಸೈಡು ಪಲ್ಲಾಡಿಯಂ ಮೇಲೆ ಸಲ್ಫೇಟಾಗಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ಇಲ್ಲಿಯೂ ಆಧಾರದ ಪಾತ್ರ ಗಮನಿಸಬೇಕಾದದ್ದು: ಅಲ್ಯೂಮಿನಾ ತಾನೇ ಸಲ್ಫೇಟಾಗಿ ಗಂಧಕದ ಒಂದು ಭಾಗವನ್ನು ಹೀರಿಕೊಂಡು ಲೋಹವನ್ನು ಕೆಲಕಾಲ ಕಾಯುತ್ತದೆ, ಸಿಲಿಕಾ ಹಾಗೆ ಮಾಡುವುದಿಲ್ಲ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಯಾದಾಗ ಇಂಧನದಲ್ಲಿನ ಗಂಧಕದ ಮಿತಿಯನ್ನು ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಸಿದ್ದು ಈ ಕಾರಣಕ್ಕೂ ಹೌದು. ಹೊಗೆಯನ್ನು ಶುದ್ಧಗೊಳಿಸುವ ಉಪಕರಣ ಉಳಿಯಬೇಕಾದರೆ ಮೊದಲು ಇಂಧನ ಶುದ್ಧವಾಗಬೇಕು; ಸೀಸದ ಪೆಟ್ರೋಲನ್ನು ಕೈಬಿಟ್ಟದ್ದರ ಹಿಂದೆಯೂ ಇದೇ ತರ್ಕ ಕೆಲಸ ಮಾಡಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪೂರ್ತಿ ಸುಡುವ ಮಾತು. ಔಷಧ ಮತ್ತು ಸುಗಂಧ ತಯಾರಿಕೆಯಲ್ಲಿ ಬೇಕಾಗುವುದು ಅರ್ಧಕ್ಕೆ ನಿಲ್ಲುವ ಉತ್ಕರ್ಷಣೆ. ಬೆಂಜೈಲ್ ಆಲ್ಕೊಹಾಲನ್ನು ಬೆಂಜಾಲ್ಡಿಹೈಡಿಗೆ, ಅಂದರೆ ಕಹಿ ಬಾದಾಮಿಯ ಪರಿಮಳದ ವಸ್ತುವಿಗೆ ತಂದು ನಿಲ್ಲಿಸಬೇಕು; ಮುಂದೆ ಬೆಂಜೋಯಿಕ್ ಆಮ್ಲಕ್ಕೆ ಹೋಗಲು ಬಿಡಬಾರದು. ಹಿಂದೆ ಇದಕ್ಕೆ ಕ್ರೋಮಿಯಂ ಅಥವಾ ಮ್ಯಾಂಗನೀಸಿನ ಲವಣಗಳನ್ನು ಸುರಿದು, ಕೊನೆಗೆ ವಿಷದ ಕೆಸರನ್ನು ಎಲ್ಲಿ ಹಾಕುವುದೆಂದು ಹುಡುಕಬೇಕಾಗಿತ್ತು. ಆಕ್ಸೈಡಿನ ಮೇಲಿನ ಪಲ್ಲಾಡಿಯಂ ಇದನ್ನು ಬರಿಯ ಆಮ್ಲಜನಕದಿಂದ ಮಾಡುತ್ತದೆ. 2006ರಲ್ಲಿ ಬ್ರಿಟನ್ನಿನ ಕಾರ್ಡಿಫಿನ ಗ್ರಹಾಂ ಹಚಿಂಗ್ಸ್ ಅವರ ಗುಂಪು ಟೈಟಾನಿಯಾದ ಮೇಲೆ ಚಿನ್ನ ಮತ್ತು ಪಲ್ಲಾಡಿಯಂ ಬೆರೆತ ಕಣಗಳನ್ನು ಕೂರಿಸಿ, ಯಾವ ದ್ರಾವಕವನ್ನೂ ಬಳಸದೆ ಈ ಕ್ರಿಯೆಯನ್ನು ನಡೆಸಿ ತೋರಿಸಿತು. ಚಿನ್ನದ ಸಹವಾಸ ಪಲ್ಲಾಡಿಯಂ ಗುಣವನ್ನು ಬದಲಿಸಿ ಅಲ್ಡಿಹೈಡಿನಲ್ಲೇ ನಿಲ್ಲುವಂತೆ ಮಾಡಿತ್ತು. ಇಂತಹ ದ್ರವ ಕ್ರಿಯೆಗಳಲ್ಲಿ ಒಂದು ಬಲೆ ಇದೆ: ಪಲ್ಲಾಡಿಯಂ ಸ್ವಲ್ಪವೇ ಕರಗಿ ದ್ರವಕ್ಕೆ ಸೇರಿದರೂ ಆ ಕರಗಿದ ಭಾಗವೇ ಕೆಲಸ ಮಾಡಿ, ಕೀರ್ತಿ ಪುಡಿಗೆ ಹೋಗಬಹುದು. ಅದನ್ನು ಕಂಡುಹಿಡಿಯಲು ಕ್ರಿಯೆಯ ನಡುವೆಯೇ ಬಿಸಿ ದ್ರವವನ್ನು ಸೋಸಿ, ಪುಡಿಯಿಲ್ಲದ ದ್ರವ ಮುಂದುವರಿಯುತ್ತದೆಯೇ ಎಂದು ನೋಡುತ್ತಾರೆ.

ಟೈಟಾನಿಯಾದ ಸ್ವಭಾವದಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಜಲಜನಕದಲ್ಲಿ 500 ಡಿಗ್ರಿಯಷ್ಟು ಕಾಯಿಸಿದರೆ ಅರೆ-ಅಪಕರ್ಷಿತ, ಅಂದರೆ ಒಂದಿಷ್ಟು ಆಮ್ಲಜನಕ ಕಳೆದುಕೊಂಡ, ಆಕ್ಸೈಡಿನ ತೆಳು ಪೊರೆ ತೆವಳುತ್ತ ಮೇಲೇರಿ ಲೋಹದ ಕಣವನ್ನೇ ಹೊದ್ದುಬಿಡುತ್ತದೆ. 1978ರಲ್ಲಿ ಅಮೆರಿಕದ ಟಾಸ್ಟರ್ ಮತ್ತು ಸಂಗಡಿಗರು ಟೈಟಾನಿಯಾದ ಮೇಲಿನ ಪ್ಲಾಟಿನಂ ಗುಂಪಿನ ಲೋಹಗಳು ಜಲಜನಕವನ್ನು ಹಿಡಿಯುವ ಶಕ್ತಿಯನ್ನು ಹೀಗೆ ಕಾಯಿಸಿದಾಗ ಕಳೆದುಕೊಳ್ಳುವುದನ್ನು ವರದಿ ಮಾಡಿದರು. ಪೊರೆಯ ವಿಷಯ ಸ್ಪಷ್ಟವಾದದ್ದು ಆಮೇಲೆ. ಆಮ್ಲಜನಕದಲ್ಲಿ ಮತ್ತೆ ಕಾಯಿಸಿದರೆ ಹೊದಿಕೆ ಸಾಮಾನ್ಯವಾಗಿ ಸರಿದುಹೋಗುತ್ತದೆ.

ತಯಾರಿಕೆಯ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಬಹುದಾದರೂ ಅಲ್ಲಿನ ಒಂದು ಸೂಕ್ಷ್ಮವನ್ನು ಬಿಡಬಾರದು. ಸಾಮಾನ್ಯ ವಿಧಾನದಲ್ಲಿ ಆಕ್ಸೈಡ್ ಪುಡಿಯ ರಂಧ್ರಗಳು ಎಷ್ಟು ನೀರು ಹಿಡಿಯುತ್ತವೋ ಅಷ್ಟೇ ಪ್ರಮಾಣದ ಪಲ್ಲಾಡಿಯಂ ಲವಣದ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಕಲಸುತ್ತಾರೆ. ಒಣಗಿಸಿ 400ರಿಂದ 500 ಡಿಗ್ರಿಯಲ್ಲಿ ಗಾಳಿಯಲ್ಲಿ ಸುಟ್ಟು, ಅಗತ್ಯವಿದ್ದರೆ ಜಲಜನಕದಲ್ಲಿ ಅಪಕರ್ಷಿಸುತ್ತಾರೆ. ಆದರೆ ನೀರಿನಲ್ಲಿ ಆಕ್ಸೈಡಿನ ಮೇಲ್ಮೈಗೆ ವಿದ್ಯುದಾವೇಶ ಇರುತ್ತದೆ. ಅಲ್ಯೂಮಿನಾ ಪಿಎಚ್ 8ರ ಸುಮಾರಿಗಿಂತ ಕೆಳಗೆ ಧನ, ಮೇಲೆ ಋಣ. ಸಿಲಿಕಾ ಪಿಎಚ್ 2 ದಾಟಿದರೆ ಋಣ. ಆದ್ದರಿಂದ ಕ್ಲೋರೈಡ್ ಸುತ್ತುವರಿದ ಋಣ ಅಯಾನಿನ ರೂಪದ ಪಲ್ಲಾಡಿಯಂ ಆಮ್ಲೀಯ ದ್ರಾವಣದಲ್ಲಿ ಅಲ್ಯೂಮಿನಾಕ್ಕೆ ತಾನಾಗಿ ಅಂಟುತ್ತದೆ, ಸಿಲಿಕಾಕ್ಕೆ ಅಂಟುವುದಿಲ್ಲ. ಸಿಲಿಕಾಕ್ಕೆ ಅಮೋನಿಯಾ ಸುತ್ತುವರಿದ ಧನ ಅಯಾನು ಬೇಕು. ಇದನ್ನು ಕಡೆಗಣಿಸಿ ಕಲಸಿದರೆ ಒಣಗುವಾಗ ಲವಣವೆಲ್ಲ ಹೊರಗೆ ಸರಿದು ದಪ್ಪ ಕಣಗಳಾಗಿ ಕೂರುತ್ತದೆ. ಉಳಿದುಹೋದ ಕ್ಲೋರೈಡು ಮೀಥೇನಿನ ಉತ್ಕರ್ಷಣೆಯನ್ನು ತಡೆಯುವುದರಿಂದ ಅಲ್ಲಿ ನೈಟ್ರೇಟ್ ಲವಣವೇ ವಾಸಿ.

ಕೂರಿಸಿದ ಕಣ ಕೂತಲ್ಲೇ ಇರುವುದಿಲ್ಲ ಎಂಬುದೂ ನಿಜ. ಲೋಹದ ಕರಗುವ ತಾಪವನ್ನು ಕೆಲ್ವಿನ್‌ನಲ್ಲಿ ಅರ್ಧ ಮಾಡಿದರೆ ಅದರ ಪರಮಾಣುಗಳು ಗಣನೀಯವಾಗಿ ಅಲೆದಾಡತೊಡಗುವ ತಾಪದ ಸ್ಥೂಲ ಅಂದಾಜು ಸಿಗುತ್ತದೆ. 1,555 ಡಿಗ್ರಿಯಲ್ಲಿ ಕರಗುವ ಪಲ್ಲಾಡಿಯಂಗೆ ಅದು ಸುಮಾರು 640 ಡಿಗ್ರಿ ಸೆಲ್ಸಿಯಸ್. ಹೆದ್ದಾರಿಯಲ್ಲಿ ಓಡುವ ಕಾರಿನ ಕನ್ವರ್ಟರ್ ಈ ಗಡಿಯನ್ನು ಸಲೀಸಾಗಿ ದಾಟುತ್ತದೆ. ಆಗ ಸಣ್ಣ ಕಣಗಳಿಂದ ಪರಮಾಣುಗಳು ಹೊರಟು ದೊಡ್ಡ ಕಣಗಳಿಗೆ ಸೇರುತ್ತವೆ, ಇಲ್ಲವೇ ಕಣಗಳೇ ಜಾರಿ ಒಂದಾಗುತ್ತವೆ. 30×40ರ ನಿವೇಶನ ವರ್ಷಗಳಲ್ಲಿ ಒಂದು ಕೋಣೆಯಷ್ಟಾಗಿ ಕುಗ್ಗುತ್ತದೆ. ನೆಲವೂ ಕುಸಿಯಬಹುದು: ಗ್ರಾಮಿಗೆ ನೂರಕ್ಕೂ ಹೆಚ್ಚು ಚದರ ಮೀಟರ್ ಮೇಲ್ಮೈಯಿರುವ ಗಾಮಾ ಅಲ್ಯೂಮಿನಾ 1,100 ಡಿಗ್ರಿಯ ಸುಮಾರಿಗೆ ಆಲ್ಫಾ ರೂಪಕ್ಕೆ ತಿರುಗಿ, ಹತ್ತಕ್ಕಿಂತ ಕೆಳಗಿಳಿದು, ಮೇಲಿದ್ದ ಲೋಹವನ್ನೂ ಹೂತುಬಿಡುತ್ತದೆ. ಲ್ಯಾಂಥನಂ ಅಥವಾ ಬೇರಿಯಂ ಸ್ವಲ್ಪ ಬೆರೆಸಿದರೆ ಈ ಮಾರ್ಪಾಡು ಮುಂದೂಡುತ್ತದೆ. 2012ರಲ್ಲಿ ಕಾರ್ನೆಲ್ಲೊ ಮತ್ತಿತರರು ಪ್ರತಿ ಪಲ್ಲಾಡಿಯಂ ಕಣದ ಸುತ್ತ ಸೀರಿಯಾದ ಚಿಪ್ಪು ಕಟ್ಟಿ, ಆ ಘಟಕಗಳನ್ನು ಅಲ್ಯೂಮಿನಾದ ಮೇಲೆ ಬಿಡಿಬಿಡಿಯಾಗಿ ಕೂರಿಸಿದಾಗ 400 ಡಿಗ್ರಿಗಿಂತ ಕೆಳಗೇ ಮೀಥೇನ್ ಪೂರ್ತಿ ಉರಿಯಿತು, 850 ಡಿಗ್ರಿಗೆ ಕಾಯಿಸಿದರೂ ರಚನೆ ಉಳಿಯಿತು. ಚಿಪ್ಪು ಆಮ್ಲಜನಕವನ್ನೂ ಕೊಡುತ್ತದೆ, ಕಣಕ್ಕೆ ಬೇಲಿಯೂ ಆಗುತ್ತದೆ.

ಆದ್ದರಿಂದ ಯಾವುದೇ ವರದಿಯಲ್ಲಿ ‘ಶೇಕಡಾ 1 ಪಲ್ಲಾಡಿಯಂ’ ಎಂಬ ಒಂದೇ ಸಾಲನ್ನು ಓದಿದರೆ ತಿಳಿಯುವುದು ಬಹಳ ಕಡಿಮೆ. ಕಣದ ಗಾತ್ರವೆಷ್ಟು, ಮೇಲ್ಮೈಯ ಪರಮಾಣು ಒಂದಕ್ಕೆ ಸೆಕೆಂಡಿಗೆ ಎಷ್ಟು ಅಣುಗಳು ಬದಲಾದವು, ಅನಿಲದಲ್ಲಿ ನೀರಿತ್ತೇ, ಅಳತೆಯನ್ನು ತಾಪ ಏರುವಾಗ ಮಾಡಿದ್ದೋ ಇಳಿಯುವಾಗ ಮಾಡಿದ್ದೋ, ಮತ್ತು ಕ್ರಿಯೆ ನಡೆಯುತ್ತಿರುವಾಗಲೇ ಎಕ್ಸ್-ಕಿರಣಗಳಿಂದ ನೋಡಿದಾಗ ಪಲ್ಲಾಡಿಯಂ ಲೋಹವಾಗಿತ್ತೋ ಆಕ್ಸೈಡಾಗಿತ್ತೋ ಎಂಬುದನ್ನು ಹುಡುಕಬೇಕು. ಕ್ರಿಯೆ ಮುಗಿದು ತಣ್ಣಗಾದ ಮೇಲೆ ಹೊರತೆಗೆದು ನೋಡಿದ ಪುಡಿ, ಕೆಲಸ ಮಾಡಿದ ಪುಡಿಯ ಸ್ಥಿತಿಯಲ್ಲಿಯೇ ಇರುತ್ತದೆ ಎನ್ನುವಂತಿಲ್ಲ.